ರಷ್ಯಾ ಪುರಾಣಕ್ಕೆ ಒಂದು ತೊಟ್ಟಿಲು

ಅಧ್ಯಕ್ಷರಾದ ಹೊನ್ನೂರುಸ್ವಾಮಿಯವರೇ, ನನ್ನನ್ನು ಬಿಡದೆ ಇಲ್ಲಿಗೆ ಕರೆಸಿದ ಗ್ರಂಥಪಾಲಕರಾದ ನಾಗಭೂಷಣ ಅವರೇ, ತಮ್ಮ ಮಾತು ಮುಗಿಸಿ ಈಗ ಗಡಿಯಾರ ನೋಡುತ್ತಿರುವ ಅತಿಥಿಗಳೇ, ಕಂಪ್ಲಿಯಿಂದ ನನ್ನ ಜೊತೆ ಬಂದ ನಮ್ಮ ಓಣಿಯ ಅಕ್ಕತಂಗಿಯರೇ, ಹೊಸಪೇಟೆಯ ಓದುಗ ಬಳಗದವರೇ, ಮತ್ತು ಮುಂದಿನ ಎರಡು ಸಾಲು ಖಾಲಿ ಇದ್ದರೂ ಬಾಗಿಲ ಪಕ್ಕದ ಕಂಬದ ಹಿಂದೆಯೇ ಕುರ್ಚಿ ಎಳೆದುಕೊಂಡು ಕುಳಿತಿರುವ ಸಭಿಕರೇ,

ಎಲ್ಲರಿಗೂ ನನ್ನ ವಂದನೆಗಳು.

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ನನಗಿಂತ ಮೊದಲು ಮಾತಾಡಿದ ಪ್ರೊಫೆಸರ್ ಸಾಹೇಬರಿಗೂ ಹತ್ತೇ ನಿಮಿಷ ಕೊಟ್ಟಿದ್ದರು. ಅವರು ಮುಕ್ಕಾಲು ಗಂಟೆ ತೆಗೆದುಕೊಂಡರು. ನಾನು ಅಷ್ಟು ತೆಗೆದುಕೊಳ್ಳುವುದಿಲ್ಲ. ಆದರೆ ಹತ್ತು ನಿಮಿಷಕ್ಕೆ ಮುಗಿಸುತ್ತೇನೆ ಎಂದು ಸುಳ್ಳು ಹೇಳುವುದೂ ಇಲ್ಲ. ಸುಳ್ಳಿನ ವಿಷಯ ಆಮೇಲೆ ಬರುತ್ತದೆ.

ಮೊದಲು ಈ ಮಾನಪತ್ರದ ಬಗ್ಗೆ. ನಾಗಭೂಷಣ ಅವರು ಇದನ್ನು ಬಹಳ ಚೆನ್ನಾಗಿ ಓದಿದರು. “ಜಗತ್ತಿನ ಅತಿ ದೊಡ್ಡ ರಷ್ಯನ್ ಕಾದಂಬರಿಗಳಲ್ಲಿ ಒಂದನ್ನು ತಮ್ಮ ಓಣಿಯ ಮಹಿಳೆಯರಿಗೆ ಸಂಪೂರ್ಣವಾಗಿ ಓದಿ ಹೇಳಿದ ಶ್ರೀಮತಿ ಚೆನ್ನಬಸಮ್ಮ ಅವರು ಸರಳ ಜೀವಿ, ಮೃದು ಸ್ವಭಾವದವರು” ಎಂದು ಇದರಲ್ಲಿದೆ. ಮೃದು ಸ್ವಭಾವ ಎಂದಾಗ ನಮ್ಮ ಕಂಪ್ಲಿಯ ಸಾಲಿನಲ್ಲಿ ಯಾರೋ ನಕ್ಕರು. ಯಾರು ನಕ್ಕರು ಎಂದು ನನಗೆ ಗೊತ್ತು. ಶಾಂತಕ್ಕ, ಊರಿಗೆ ಹೋದಮೇಲೆ ಮಾತಾಡೋಣ.

ನಾನು ಎಸ್ಸೆಸ್ಸೆಲ್ಸಿ ಓದಿದವಳು. ಫಸ್ಟ್ ಕ್ಲಾಸಿಗೆ ಹನ್ನೊಂದು ಮಾರ್ಕು ಕಡಿಮೆ ಬಿತ್ತು. ಹನ್ನೊಂದೂ ಗಣಿತದಲ್ಲೇ ಹೋದವು. ಆಮೇಲೆ ಮದುವೆಯಾಗಿ ಕಂಪ್ಲಿಯ ರೈಸ್ ಮಿಲ್ಲಿನ ಮನೆಗೆ ಹಿರಿಯ ಸೊಸೆಯಾಗಿ ಬಂದೆ. ಹದಿನೆಂಟು ಜನರ ಮನೆ. ಆ ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಏಳಬೇಕು, ಯಾವ ಹಬ್ಬಕ್ಕೆ ಏನು ಆಗಬೇಕು, ಯಾರ ಸಿಟ್ಟು ಎಷ್ಟು ದಿನ ಇರಬೇಕು ಎಂದು ಹೇಳುತ್ತಿದ್ದವರು ಮೊದಲು ನಮ್ಮ ಅತ್ತೆ. ಅವರ ನಂತರ ನಾನು. ನಾನು ಹೇಳಿದ್ದು ನಡೆಯದೆ ಇದ್ದದ್ದು ಕಡಿಮೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬಕ್ಕೇ ಹೇಳುತ್ತಿದ್ದೇನೆ ಎಂದು ಇಟ್ಟುಕೊಳ್ಳಿ.

ಇಂಥವಳ ಕೈಗೆ ರಷ್ಯಾದ ಕಾದಂಬರಿ ಹೇಗೆ ಬಂತು? ಎಲ್ಲರೂ ಇದನ್ನೇ ಕೇಳುತ್ತಾರೆ. ನಮ್ಮ ಯಜಮಾನರು ಇದ್ದಾಗ, ಇದೇ ಹೊಸಪೇಟೆಯ ಬಸ್ ಸ್ಟ್ಯಾಂಡಿನ ಎದುರು ಒಂದು ವ್ಯಾನು ನಿಲ್ಲುತ್ತಿತ್ತಂತೆ. ರಷ್ಯಾದ ಪುಸ್ತಕಗಳು ಕನ್ನಡದಲ್ಲಿ ಅಚ್ಚಾಗಿ ಬಹಳ ಅಗ್ಗಕ್ಕೆ ಸಿಗುತ್ತಿದ್ದವು. ಯಜಮಾನರಿಗೆ ಓದುವ ಚಟ ಇರಲಿಲ್ಲ. ಮಧ್ಯಾಹ್ನ ಮಿಲ್ಲಿನಲ್ಲಿ ಮಲಗುವ ಚಟ ಇತ್ತು. ವ್ಯಾನಿನಲ್ಲಿದ್ದ ಎಲ್ಲಕ್ಕಿಂತ ದಪ್ಪನೆಯ ಪುಸ್ತಕ ಆರಿಸಿ ತಂದು ಇಪ್ಪತ್ತು ವರ್ಷ ಅದನ್ನು ತಲೆದಿಂಬು ಮಾಡಿಕೊಂಡರು. ಅವರ ತಲೆಯ ಎಣ್ಣೆಗೆ ರಟ್ಟು ಹೋಯಿತು, ಮೊದಲಿನ ಹದಿನಾರು ಪುಟ ಹೋದವು, ಪುಸ್ತಕದ ಹೆಸರು ಹೋಯಿತು, ಬರೆದವರ ಹೆಸರೂ ಹೋಯಿತು. ಅವರು ತೀರಿಕೊಂಡ ಮೇಲೆ ನಾನು ಅದಕ್ಕೆ ಕೆಂಪು ರೆಕ್ಸಿನ್ ಹಾಕಿಸಿ ಬೈಂಡ್ ಮಾಡಿಸಿ ಕಪಾಟಿನಲ್ಲಿಟ್ಟೆ. ಓದುವುದಕ್ಕಲ್ಲ. ಅವರ ತಲೆ ಇದ್ದ ಜಾಗ ಎಂದು ಇಟ್ಟೆ.

ಅದರ ನಿಜವಾದ ಹೆಸರನ್ನು ನಾಗಭೂಷಣ ಅವರು ಹೋದ ವರ್ಷ ಕಂಡುಹಿಡಿದು ನಮಗೆ ಹೇಳಿದರು. ನಾವು ಅದನ್ನು ಒಪ್ಪಿಲ್ಲ. ನಮ್ಮ ಓಣಿಯಲ್ಲಿ ಅದು ರಷ್ಯಾ ಪುರಾಣ.

ಪುರಾಣ ಎಂದು ಯಾಕೆ ಕರೆದಿರಿ ಎಂದು ಪ್ರೊಫೆಸರ್ ಸಾಹೇಬರು ಕೇಳಿದರು. ಹೇಳುತ್ತೇನೆ. ಅಲ್ಲಿಯೇ ನನ್ನ ತಪ್ಪು ನಡೆದದ್ದು.

ಮೂರು ವರ್ಷದ ಹಿಂದೆ ಶ್ರಾವಣದ ಮೊದಲ ದಿನ ನಮ್ಮ ಓಣಿಯ ಮಠದಲ್ಲಿ ಎಂದಿನಂತೆ ಶರಣರ ಪುರಾಣ ಶುರುವಾಗಬೇಕಾಗಿತ್ತು. ಅರವತ್ತು ಜನ ಹೆಣ್ಣುಮಕ್ಕಳು ಬಂದು ಕುಳಿತಿದ್ದರು. ಪುರಾಣ ಹೇಳುವ ಶಾಸ್ತ್ರಿಗಳು ಬರಲಿಲ್ಲ. ಪಾಪಿನಾಯಕನಹಳ್ಳಿಯ ಹತ್ತಿರ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದರು. ಪುರಾಣದ ಪುಸ್ತಕ ಅವರ ಚೀಲದಲ್ಲಿ, ಚೀಲ ಅವರ ಜೊತೆ ಆಸ್ಪತ್ರೆಯಲ್ಲಿ. ಎಲ್ಲರೂ ಏಳತೊಡಗಿದರು. ಕುಳಿತ ಸಭೆ ಎದ್ದು ಹೋಗುವುದು ನನಗೆ ಸೇರುವುದಿಲ್ಲ.

“ಕುಂದರ್ರಿ! ಯಾರೂ ಏಳಬ್ಯಾಡ್ರಿ!” ಎಂದೆ. “ನಮ್ಮನ್ಯಾಗ ಒಂದು ದೊಡ್ಡ ಪುಸ್ತಕ ಐತಿ, ತರಸ್ತೀನಿ.”

ತರಿಸಿದೆ. ಕೆಂಪು ರೆಕ್ಸಿನ್ನಿನಲ್ಲಿ ಅದು ನೋಡಲು ಪುರಾಣದ ಹಾಗೆಯೇ ಇತ್ತು. ವ್ಯಾಸಪೀಠದ ಮೇಲೆ ಇಟ್ಟೆ. ಕೈ ತನ್ನ ಕೆಲಸ ತಾನು ಮಾಡಿತು ನೋಡಿ. ನಲವತ್ತು ವರ್ಷದ ರೂಢಿ. ಪುಸ್ತಕಕ್ಕೆ ವಿಭೂತಿ ಹಚ್ಚಿದೆ, ಹೂ ಏರಿಸಿದೆ, ಊದಿನಕಡ್ಡಿ ಬೆಳಗಿದೆ, ಕಾಯಿ ಒಡೆದೆ. ಆಮೇಲೆ ತೆರೆದು ಹದಿನೇಳನೇ ಪುಟದಿಂದ ಓದಿದೆ. ಮೊದಲ ಸಾಲಿನಲ್ಲೇ ಯಾರೋ ಒಬ್ಬ ಜಮೀನ್ದಾರ ಬೂಟು ಬಿಚ್ಚುತ್ತಾ ಹೆಂಡತಿಯನ್ನು ಬೈಯುತ್ತಿದ್ದ. ಅರವತ್ತು ಜನ ಕೈಮುಗಿದು ಕೇಳಿದರು.

ಮರುದಿನ ನನಗೆ ಎಚ್ಚರವಾಯಿತು. ಮಠದ ಸ್ವಾಮಿಗಳು, ನಮ್ಮ ಅಜ್ಜಾರ ಹತ್ತಿರ ಹೋಗಿ ನಡೆದದ್ದು ಹೇಳಿದೆ.

ಅಜ್ಜಾರು ಕೇಳಿದರು: “ಪೂಜಿ ಮಾಡಿದ್ರೇನು?”

“ಮಾಡೀನ್ರಿ.”

“ಕಾಯಿ ಒಡದ್ರೇನು?”

“ಒಡದೀನ್ರಿ.”

“ಹಂಗಾರ ಮುಗೀತು. ಪೂಜಿ ಮಾಡಿ ಹಿಡಿದ ಪುರಾಣಾನ ಮಂಗಲ ಆಗೋತನಕ ಬಿಡಂಗಿಲ್ಲ ತಾಯಿ. ಎಷ್ಟು ಪುಟ ಐತಿ?”

“ಸಾವಿರದ ನೂರಾ ನಲವತ್ತು.”

ಅಜ್ಜಾರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡು, “ಶಿವನೇ” ಎಂದರು.

ಮೂರು ವರ್ಷ ಓದಿದ್ದು ಹೀಗೆ. ಸಾಹಿತ್ಯದ ಪ್ರೀತಿಯಿಂದ ಎಂದು ಮಾನಪತ್ರದಲ್ಲಿದೆ. ಅದೇನೂ ಅಲ್ಲ. ಕಾಯಿ ಒಡೆದದ್ದಕ್ಕೆ. ಶ್ರಾವಣ ಮುಗಿದರೂ ಪುಸ್ತಕ ಮುಗಿಯಲಿಲ್ಲ. ಸೋಮವಾರ ಮತ್ತು ಗುರುವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಎಂದು ಗೊತ್ತು ಮಾಡಿದೆವು. ಕೇಳುವವರು ಕೈಯಲ್ಲಿ ಹತ್ತಿ ಹಿಡಿದು ಹೂಬತ್ತಿ ಹೊಸೆಯುತ್ತಿದ್ದರು. ಈಗ ನಮ್ಮ ಮಠದಲ್ಲಿ ಮುಂದಿನ ಹತ್ತು ವರ್ಷಕ್ಕೆ ಆಗುವಷ್ಟು ಬತ್ತಿ ಇದೆ. ರಷ್ಯಾದವರಿಂದ ಕಂಪ್ಲಿಗೆ ಆದ ಲಾಭ ಅದು.

ಕಷ್ಟವಾಗಲಿಲ್ಲವೇ ಎಂದು ಕೇಳುತ್ತೀರಿ. ಹೆಸರುಗಳು ಕಷ್ಟವಾದವು. ಅಲ್ಲಿ ಒಬ್ಬೊಬ್ಬರಿಗೆ ಮೂರು ಹೆಸರು. ಒಂದು ತಾಯಿ ಕರೆಯುವುದಕ್ಕೆ, ಒಂದು ಊರವರು ಕರೆಯುವುದಕ್ಕೆ, ಒಂದು ಸರ್ಕಾರಕ್ಕೆ. ಮೂರೂ ನನ್ನ ಬಾಯಲ್ಲಿ ಹೊರಳುತ್ತಿರಲಿಲ್ಲ. ಆದ್ದರಿಂದ ಮನೆತನ ನೋಡಿ ನಾವೇ ಹೆಸರಿಟ್ಟೆವು. ಆ ಕಾದಂಬರಿಯಲ್ಲಿ ದೊಡ್ಡ ಹೊಳೆಯ ದಂಡೆಯ ಮೇಲೆ ಒಂದು ಮನೆತನ, ಅವರದೊಂದು ಹಿಟ್ಟಿನ ಗಿರಣಿ, ಅಣ್ಣ ತಮ್ಮ ಇಬ್ಬರು. ಅಣ್ಣನ ಹೆಂಡತಿ ಹಿರೇಸೊಸಿ, ತಮ್ಮನ ಹೆಂಡತಿ ಕಿರೇಸೊಸಿ. ಗಂಡಸರೆಲ್ಲ ಯುದ್ಧಕ್ಕೆ ಹೋಗುತ್ತಾರೆ, ಬರುತ್ತಾರೆ, ದೇವರು ಇದ್ದಾನೋ ಇಲ್ಲವೋ ಎಂದು ಎಂಬತ್ತು ಪುಟ ಮಾತಾಡುತ್ತಾರೆ. ಆ ಎಂಬತ್ತು ಪುಟದಲ್ಲಿ ನಮ್ಮವರು ಅತಿ ಹೆಚ್ಚು ಬತ್ತಿ ಹೊಸೆದರು.

ಹಿಮ ಎಂದರೆ ಏನು ಎಂದು ಕೇಳಿದರು. ಮಿಲ್ಲಿನಲ್ಲಿ ತೌಡು ಹಾರಿ ಗೋಡೆ, ಮರ, ಮನುಷ್ಯರ ಹುಬ್ಬಿನ ಮೇಲೆಲ್ಲ ಕೂರುತ್ತದಲ್ಲ, ಅದನ್ನು ತಣ್ಣಗೆ ಮಾಡಿದರೆ ಹಿಮ ಎಂದೆ. ಎಲ್ಲರಿಗೂ ತಿಳಿಯಿತು. ಒಮ್ಮೆ ಕಥೆಯಲ್ಲಿ ಕರಡಿ ಬಂತು. ಶಾಂತಕ್ಕನ ತವರು ಕರಡಿಧಾಮ ಇರುವ ದರೋಜಿ. ಆಕೆ ನನ್ನನ್ನು ಅಲ್ಲಿಯೇ ತಡೆದಳು.

“ಅಕ್ಕಾರ, ನಿಲ್ರಿ. ಆ ಕರಡಿ ಆಕಳಾ ಹಿಡದು ತಿಂತಂತ ಓದಿದ್ರಿ. ಸುಳ್ಳದು. ಕರಡಿ ಗೆದ್ದಲ ತಿಂತೈತಿ. ನಾವು ಹುಟ್ಟಿದಾಗಿಂದ ನೋಡೀವಿ.”

“ರಷ್ಯಾದ ಕರಡಿ ಬ್ಯಾರೆ ಇರತೈತಲೇ.”

“ಬರದಾವನು ನೋಡಿರಾಕಿಲ್ಲ ಬಿಡ್ರಿ.”

ಇದು ನಮ್ಮ ಸಾಹಿತ್ಯ ಚರ್ಚೆ. ನೀವು ಚರ್ಚೆ ಹೇಗೆ ಮಾಡುತ್ತೀರೋ ನನಗೆ ತಿಳಿಯದು.

ಈಗ ಸ್ವಲ್ಪ ನೀರು ಕುಡಿದು ಮುಂದಿನದು ಹೇಳುತ್ತೇನೆ. ಇದನ್ನು ಹೇಳಲೆಂದೇ ನಾನು ಇವತ್ತು ಬಂದಿದ್ದೇನೆ. ಶಾಲಿಗಾಗಿ ಬಂದಿಲ್ಲ. ಶಾಲು ಮನೆಯಲ್ಲಿ ಇವೆ.

ನನಗೊಬ್ಬ ನೆಗೆಣ್ಣಿ ಇದ್ದಾಳೆ. ನಮ್ಮ ಮೈದುನನ ಹೆಂಡತಿ, ಕೊಟ್ರಬಸಮ್ಮ. ಇಪ್ಪತ್ತೈದು ವರ್ಷ ಒಂದೇ ಒಲೆಯ ಮುಂದೆ ಕುಳಿತವರು ನಾವು. ಆಕೆ ರೊಟ್ಟಿ ಬಡಿದರೆ ನಾನು ಬೇಯಿಸಬೇಕು, ಇಲ್ಲದಿದ್ದರೆ ಉಬ್ಬುತ್ತಿರಲಿಲ್ಲ. ಹತ್ತು ವರ್ಷದ ಹಿಂದೆ ಮನೆ ಎರಡಾಯಿತು. ಎರಡಾಗುವಾಗ ಜಗಳ ಆಗಲಿಲ್ಲ. ಜಗಳ ಆಗಿದ್ದರೆ ಒಳ್ಳೆಯದಿತ್ತು ಎಂದು ಈಗ ಅನ್ನಿಸುತ್ತದೆ. ಎಲ್ಲವನ್ನೂ ಸಮಾಧಾನವಾಗಿ ಹಂಚಿದೆವು. ನಮ್ಮ ಅತ್ತೆಯ ಕಾಲದ ಒಂದು ತೇಗದ ತೊಟ್ಟಿಲು ಇತ್ತು. ನಾಲ್ಕು ಕಡೆ ಗಿಳಿ ಕೆತ್ತಿದ್ದು, ಹಿತ್ತಾಳೆಯ ಸರಪಳಿ. ಅದನ್ನು ಎರಡು ಮಾಡಲು ಬರುವುದಿಲ್ಲ. ಹಿರಿಯಳು ಎಂದು ನಾನು ಇಟ್ಟುಕೊಂಡೆ. ಶ್ರಾವಣದ ಪುರಾಣದಲ್ಲಿ ಶರಣರು ಹುಟ್ಟುವ ಅಧ್ಯಾಯ ಬಂದ ದಿನ ಮಠಕ್ಕೂ ಅದೇ ತೊಟ್ಟಿಲು ಹೋಗುತ್ತಿತ್ತು. ನಮ್ಮ ಕಡೆ ಪುರಾಣದಲ್ಲಿ ಕೂಸು ಹುಟ್ಟಿದರೆ ಸುಮ್ಮನೆ ಓದಿ ಮುಂದೆ ಹೋಗುವುದಿಲ್ಲ. ತೊಟ್ಟಿಲು ಕಟ್ಟಬೇಕು, ಜೋಗುಳ ಹಾಡಬೇಕು, ಗುಗ್ಗರಿ ಹಂಚಬೇಕು.

ಕೊಟ್ರಬಸಮ್ಮನಿಗೆ ಒಬ್ಬಳೇ ಮಗಳು, ಐಶ್ವರ್ಯ. ನನಗೆ ಇಬ್ಬರು ಗಂಡುಮಕ್ಕಳು. ಹೆಣ್ಣುಕೂಸು ಬೇಕೆಂಬ ಆಸೆ ನನಗೆ ಇತ್ತು. ಆ ಐಶ್ವರ್ಯಳನ್ನು ಅದೇ ತೊಟ್ಟಿಲಿನಲ್ಲಿ ತೂಗಿದವಳು ನಾನು. ನೀರು ಎರೆದವಳು ನಾನು. ಆಕೆ ಮೊದಲು ಕಲಿತ ಮಾತು ‘ದೊಡ್ಡವ್ವ’. ಆಕೆಯ ತಾಯಿ ಬೇಕಾದರೆ ಇಲ್ಲ ಅನ್ನಲಿ.

ಒಂಬತ್ತು ವರ್ಷದ ಹಿಂದೆ ಐಶ್ವರ್ಯಳಿಗೆ ಮೊದಲ ಹೆರಿಗೆಯಾಯಿತು. ಎರಡು ಓಣಿ ಆಚೆ ಮನೆ. ನನಗೆ ಯಾರು ಹೇಳಬೇಕು? ನಮ್ಮ ಮಿಲ್ಲಿನ ಹಮಾಲಿ ತಿಪ್ಪೇಶ್ ಚೀಲ ಹೊರುತ್ತಾ ಹೇಳಿದ: “ಅಮ್ಮಾರ, ಸಣ್ಣಮ್ಮಾರ ಮಗಳಿಗೆ ಗಂಡುಕೂಸಂತ್ರಿ. ನಾಲ್ಕು ದಿನಾತಂತ.” ನಾಲ್ಕು ದಿನ! ಹತ್ತು ದಿನಕ್ಕೆ ಅದೇ ತಿಪ್ಪೇಶ್ ಮತ್ತೆ ಬಂದು, “ತೊಟ್ಟಲಾ ಕೊಡಬೇಕಂತ್ರಿ, ಸಣ್ಣಮ್ಮಾರು ಕೇಳ್ಯಾರ” ಎಂದ.

ನಾನು ಹೇಳಿದೆ: “ಮುರದೈತಿ ಅಂತ ಹೇಳು.”

ಸಭಿಕರೇ, ತೊಟ್ಟಿಲು ಮುರಿದಿರಲಿಲ್ಲ.

ಯಾಕೆ ಹಾಗೆ ಹೇಳಿದೆ? ಒಂದು ಸಲ ಆಕೆಯೇ ಬಂದು, ‘ಅಕ್ಕಾ, ತೊಟ್ಟಲಾ ಕೊಡು’ ಎಂದಿದ್ದರೆ ತಲೆಯ ಮೇಲೆ ಹೊತ್ತು ಕೊಟ್ಟು ಬರುತ್ತಿದ್ದೆ. ಬರಲಿ, ಬಂದು ನೋಡಲಿ, ಮುರಿದಿಲ್ಲ ಎಂದು ಜಗಳ ಮಾಡಲಿ ಎಂದು ಕಾದೆ. ಆಕೆ ಬರಲಿಲ್ಲ. ಬಳ್ಳಾರಿಯಿಂದ ಒಂದು ಸ್ಟೀಲಿನ ತೊಟ್ಟಿಲು ತರಿಸಿಕೊಂಡಳು. ಅಂದಿನಿಂದ ನಮ್ಮಿಬ್ಬರ ಮಾತು ನಿಂತಿತು. ಮುರಿದಿದೆ ಎಂದ ಮೇಲೆ ಮಠಕ್ಕೂ ಅದನ್ನು ಕಳಿಸುವ ಹಾಗಿಲ್ಲ. ಮಠದಲ್ಲಿ ಸೀರೆಯ ಜೋಳಿಗೆ ಕಟ್ಟಿ ನಡೆಸಿದರು. ಎಷ್ಟೋ ವರ್ಷ ನಮ್ಮ ಓಣಿಯಲ್ಲಿ ಶರಣರೆಲ್ಲ ಹಳೆಯ ಸೀರೆಯಲ್ಲಿ ಹುಟ್ಟಿದರು. ಅದಕ್ಕೂ ನಾನೇ ಕಾರಣ. ಅಜ್ಜಾರಿಗೆ ಇದು ಗೊತ್ತಿಲ್ಲ. ನಾಳೆ ಗೊತ್ತಾಗುತ್ತದೆ.

ರಷ್ಯಾ ಪುರಾಣ ಶುರುವಾದ ನಾಲ್ಕನೇ ತಿಂಗಳಿಗೆ ಕೊಟ್ರಬಸಮ್ಮ ಮಠಕ್ಕೆ ಬಂದಳು. ಸಂತೆಯಲ್ಲಿ, ಹಿಟ್ಟಿನ ಗಿರಣಿಯಲ್ಲಿ ಅರ್ಧರ್ಧ ಕಥೆ ಕೇಳಿ ಆಕೆಗೆ ತಡೆಯಲಾಗಲಿಲ್ಲ. ಪುರಾಣಕ್ಕೆ ಬಂದವರನ್ನು ಬೇಡ ಅನ್ನುವ ಹಾಗಿಲ್ಲ. ಬಂದವಳು ಕಂಬದ ಹಿಂದೆ ಕುಳಿತಳು. ನನಗೆ ಆಕೆಯ ಮುಖ ಕಾಣುತ್ತಿರಲಿಲ್ಲ, ಬತ್ತಿ ಹೊಸೆಯುವ ಕೈ ಮಾತ್ರ ಕಾಣುತ್ತಿತ್ತು.

ಅವತ್ತು ಓದಿದ ಭಾಗ ಏನು ಗೊತ್ತೇ? ಕಿರೇಸೊಸಿ ಜ್ವರದಲ್ಲಿ ಮಲಗಿದ್ದಾಳೆ. ಡಾಕ್ಟರನ್ನು ಕರೆತರಲು ಗಾಡಿ ಬೇಕು ಎಂದು ಹಿರೇಸೊಸಿಗೆ ಹೇಳಿ ಕಳಿಸುತ್ತಾಳೆ. ಹಿರೇಸೊಸಿ, ಕುದುರೆ ಕುಂಟುತ್ತಿದೆ ಎಂದು ಹೇಳಿ ಕಳಿಸುತ್ತಾಳೆ. ಈ ಬರೆದ ಮನುಷ್ಯ ಯಾವಾಗಲೋ ಕಂಪ್ಲಿಗೆ ಬಂದು ಹೋಗಿದ್ದಾನೆಯೇ ಎಂದು ಅನುಮಾನ ಬಂತು.

ಕಂಬದ ಹಿಂದಿನಿಂದ ಧ್ವನಿ ಬಂತು. ನನಗಲ್ಲ, ಶಾಂತಕ್ಕನಿಗೆ.

“ಶಾಂತಕ್ಕ, ಓದೋರನ್ನ ಕೇಳು. ಖರೇನ ಕುದುರಿ ಕುಂಟಾಗಿತ್ತಂತೇನು?”

ನಾನೂ ಶಾಂತಕ್ಕನಿಗೇ ಹೇಳಿದೆ: “ಪುಸ್ತಕದಾಗ ಹಂಗ ಐತಿ ಅಂತ ಹೇಳು.”

“ಯಾರರ ಹೋಗಿ ನೋಡ್ಯಾರಂತೇನು ಕೇಳು.”

“ಬೇಕಾದಾಕಿ ತಾನ ಹೋಗಿ ನೋಡಬೇಕಿತ್ತು ಅಂತ ಹೇಳು. ಆಳಿನ ಕೈಯಾಗ ಯಾಕ ಹೇಳಿ ಕಳಿಸಬೇಕು?”

“ಜ್ವರ ಬಂದು ಮಲಗಿದಾಕಿ ಹೆಂಗ ಹೋಗ್ತಾಳ ಕೇಳು!”

“ಜ್ವರ ಬರೋಕ್ಕಿಂತ ಮುಂಚೆ ಬಂದು ಮಾತಾಡಸ್ತಿದ್ಲೇನು ಕೇಳು!”

ಶಾಂತಕ್ಕನ ತಲೆ ಅತ್ತ ಇತ್ತ ತಿರುಗಿ ತಿರುಗಿ ಸಾಕಾಯಿತು. “ಯವ್ವಾ, ನನ್ನ ಕುತಗಿ ಹಿಡಕಂತು. ಇಬ್ರೂ ನೇರ ಮಾತಾಡ್ರಿ, ಇಲ್ಲಾಂದ್ರ ಮುಂದ ಓದ್ರಿ” ಎಂದಳು. ನಾನು ಮುಂದೆ ಓದಿದೆ.

ಮುಂದಿನ ಶ್ರಾವಣದವರೆಗೂ ಹೀಗೆಯೇ ನಡೆಯಿತು. ಆಕೆ ಒಂದು ದಿನವೂ ತಪ್ಪಿಸಲಿಲ್ಲ. ನಾನೂ ಓದುವುದು ತಪ್ಪಿಸಲಿಲ್ಲ. ಸೋಮವಾರ, ಗುರುವಾರ ಬಂದರೆ ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋಗುತ್ತಿದ್ದೆ. ನಮ್ಮ ಸೊಸೆ ಲಲಿತಾ, “ಅತ್ತಿ, ಇವತ್ತು ಜಗಳ ಐತೇನ್ರಿ?” ಎಂದು ಕೇಳುತ್ತಿದ್ದಳು. ಇತ್ತು. ಅಷ್ಟು ವರ್ಷ ಆಡದ ಜಗಳವನ್ನೆಲ್ಲ ನಾವು ರಷ್ಯಾದವರ ಹೆಸರಿನಲ್ಲಿ ಆಡಿದೆವು.

ಎರಡನೇ ವರ್ಷದ ಶ್ರಾವಣದಲ್ಲಿ ಕಿರೇಸೊಸಿ ಬಸುರಾದಳು. ನಮ್ಮಲ್ಲಿ ರೇಣುಕಮ್ಮ ಎಂಬುವರು ಇದ್ದಾರೆ, ಇಲ್ಲೇ ಕುಳಿತಿದ್ದಾರೆ. ಮೂವತ್ತು ವರ್ಷ ಅಂಗನವಾಡಿಯಲ್ಲಿ ಬಸುರಿಯರ ಲೆಕ್ಕ ಇಟ್ಟವರು. ಅವರು ಅವತ್ತೇ ಬೆರಳು ಮಡಿಚಿದರು. ನಾನು ಮನೆಯಲ್ಲಿ ಮುಂದಿನ ಪುಟಗಳನ್ನು ಓದಿ ನೋಡಿದೆ. ಕೂಸು ಹುಟ್ಟುತ್ತದೆ, ಹೆಣ್ಣುಕೂಸು. ಕೂಸು ಹುಟ್ಟಿದರೆ ತೊಟ್ಟಿಲು ಕಟ್ಟಬೇಕು. ತೊಟ್ಟಿಲ ಮಾತು ಎತ್ತಿದರೆ ಎಲ್ಲರ ಕಣ್ಣೂ ನನ್ನ ಕಡೆ. ಕಂಬದ ಹಿಂದೆ ಆಕೆ.

ನಾನು ಏನು ಮಾಡಿದೆ? ಸಂಕ್ರಾಂತಿಯ ಹೊತ್ತಿಗೆ ಆ ಭಾಗ ಬಂದಾಗ ಹದಿನಾಲ್ಕು ಪುಟ ಹಾರಿಸಿದೆ. ಬಸುರಿಯಾಗಿದ್ದ ಕಿರೇಸೊಸಿ ಹಾಳೆ ತಿರುಗಿಸುವುದರಲ್ಲಿ ಐದು ವರ್ಷದ ಹುಡುಗಿಗೆ ಜಡೆ ಹಾಕುತ್ತಾ ಕುಳಿತಿದ್ದಳು. ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ. ರೇಣುಕಮ್ಮನವರ ಕೈ ಮೇಲೆ ಬಂತು.

“ಅಕ್ಕಾರ, ಈ ಹುಡುಗಿ ಯಾರು?”

“ಕಿರೇಸೊಸಿ ಮಗಳು.”

“ಯಾವಾಗ ಹುಟ್ಟಿತು? ಪಂಚಮಿ ಹೊತ್ತಿಗೆ ವಾಂತಿ ಸುರು ಆಗಿತ್ತು. ಈಗಿನ್ನೂ ಸಂಕ್ರಾಂತಿ. ಆರು ತಿಂಗಳಾಗ ಐದು ವರ್ಷದ ಹುಡುಗಿ ಹೆಂಗ ಬಂತ್ರಿ?”

“ಕತಿ ತಿಂಗಳಾ ಬ್ಯಾರೆ, ನಮ್ಮ ತಿಂಗಳಾ ಬ್ಯಾರೆ ಇರತಾವ” ಎಂದು ನಾನು ವಾದಿಸಿದೆ.

“ತಿಂಗಳಾ ಎಲ್ಲಾ ಕಡೆ ಒಂಬತ್ತ ಇರತಾವ್ರಿ. ಹೆರಿಗಿ ಮಾಡಸ್ರಿ ಮೊದಲು!”

ಅರವತ್ತು ಜನವೂ ‘ಹೆರಿಗಿ ಮಾಡಸ್ರಿ, ಹೆರಿಗಿ ಮಾಡಸ್ರಿ’ ಎಂದು ಹಟ ಹಿಡಿದರು. ಯಾವತ್ತೂ ಯಾರಿಗೂ ತಲೆಬಾಗದ ನಾನು ಹಾಳೆ ಹಿಂದಕ್ಕೆ ತಿರುಗಿಸಿ ಹೆರಿಗೆ ಓದಿದೆ. ನೋವು ತಿನ್ನುವುದು ಎಂಟು ಪುಟ. ರೇಣುಕಮ್ಮ ಪ್ರತಿ ಪುಟಕ್ಕೂ ಸೂಲಗಿತ್ತಿಯ ತಪ್ಪು ಹೇಳಿದರು. ಕೂಸು ಅತ್ತಿತು. ಎಲ್ಲರೂ ಕಣ್ಣೊರೆಸಿಕೊಂಡರು. ಶಾಂತಕ್ಕ ಎದ್ದು ಕೇಳಿಯೇಬಿಟ್ಟಳು:

“ಗುರುವಾರಕ್ಕ ತೊಟ್ಟಲಾ ಕಟ್ಟಬೇಕು. ಅಷ್ಟು ದೊಡ್ಡ ಮನಿತನದ ಕೂಸು, ಜೋಳಿಗ್ಯಾಗ ಬ್ಯಾಡ. ಅಕ್ಕಾರ, ನಿಮ್ಮ ಗಿಳಿ ತೊಟ್ಟಲಾ ರಿಪೇರಿ ಮಾಡಸಾಕ ಬರಲ್ಲೇನ್ರಿ?”

ಆಗ ನಾನು ನಿಜ ಹೇಳಬಹುದಾಗಿತ್ತು. ಬಾಯಿ ತೆರೆದೆ. ಬಂದ ಮಾತು, “ಭಾಳ ಮುರದೈತಿ” ಎಂದು.

ಕಂಬದ ಹಿಂದೆ ಬತ್ತಿ ಹೊಸೆಯುತ್ತಿದ್ದ ಕೈ ನಿಂತಿತು.

“ನಮ್ಮನ್ಯಾಗಿಂದು ತರ್ರಿ” ಎಂದಳು ಕೊಟ್ರಬಸಮ್ಮ. “ಸ್ಟೀಲಿಂದು. ಅದು ಮುರಿಯಾಂಗಿಲ್ಲ.”

ಗುರುವಾರ ಆ ಸ್ಟೀಲಿನ ತೊಟ್ಟಿಲು ಬಂತು. ಕೂಸಿನ ಬದಲು ಗುಂಡುಕಲ್ಲಿಗೆ ಕುಂಚಿಗೆ ತೊಡಿಸಿ ಮಲಗಿಸಿದರು. ಜೋಗುಳ ಹಾಡಿದರು. ಗುಗ್ಗರಿ, ಸಕ್ಕರೆ ಹಂಚಿದರು. ಓದುವವಳು ನಾನಾದ್ದರಿಂದ ಮೊದಲು ತೂಗುವ ಮರ್ಯಾದೆ ನನಗೇ. ಆ ತೊಟ್ಟಿಲು ಕಿರ್ ಕಿರ್ ಎಂದು ಸದ್ದು ಮಾಡುತ್ತದೆ. ಐಶ್ವರ್ಯಳ ಮಗ ಮಲಗಿ ಬೆಳೆದ ತೊಟ್ಟಿಲನ್ನು ಅವತ್ತು ನಾನು ಮೊದಲ ಸಲ ಮುಟ್ಟಿದ್ದು. ರಷ್ಯಾದ ಕಲ್ಲನ್ನು ತೂಗುವುದಕ್ಕೆ ನಾನು ಸಿಕ್ಕಿದೆ, ನಮ್ಮ ಕೂಸನ್ನು ತೂಗುವುದಕ್ಕೆ ಸಿಗಲಿಲ್ಲ. ನನ್ನ ಕೈಯಾರೆ ಆದದ್ದು. ಇನ್ನು ಯಾರನ್ನು ಬೈಯಲಿ?

ಇರಲಿ. ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ನೋಡಿದೆ. ಇನ್ನು ಸ್ವಲ್ಪವೇ ಇದೆ.

ಈ ವರ್ಷದ ಬೇಸಿಗೆಯಲ್ಲಿ ಕಥೆ ಕೊನೆಗೆ ಬಂತು. ಹಿರೇಸೊಸಿ ಮುದುಕಿಯಾಗಿದ್ದಾಳೆ. ಗಿರಣಿಯ ಕಿಟಕಿಯಲ್ಲಿ ಕುಳಿತು ಹೊಳೆ ನೋಡುತ್ತಾಳೆ. ನಮ್ಮವರೆಲ್ಲ ಸೇರಿ ಆಕೆಯನ್ನು ಹುರಿದು ಮುಕ್ಕಿದರು. ‘ಆಗಬೇಕು ಆಕಿಗೆ’, ‘ಕುದುರಿ ಕೊಡದಾಕಿ’, ‘ಸೊಕ್ಕು ಇಳೀತು’ ಎಂದು ಒಬ್ಬೊಬ್ಬರು ಒಂದೊಂದು. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಆಗ ಕಂಬದ ಹಿಂದಿನಿಂದ ಕೇಳಿತು. ಈ ಸಲ ಶಾಂತಕ್ಕನಿಗೆ ಹೇಳಿದ್ದಲ್ಲ. ಯಾರಿಗೂ ಅಲ್ಲದ ಹಾಗೆ ಹೇಳಿದಳು.

“ಹಂಗನಬ್ಯಾಡ್ರಿ. ಆಕಿ ಕುದುರಿ ಕೊಡಲಿಲ್ಲ, ಖರೆ. ಆದ್ರ ಕಿರೇಸೊಸಿ ಗಂಡ ಯುದ್ಧಕ್ಕ ಹೋದಾಗ ಮೂರು ವರ್ಷ ಆಕೀಗೆ, ಆಕಿ ಕೂಸಿಗೆ ಅನ್ನ ಹಾಕಿದಾಕಿ ಯಾರು? ಅದನ್ನ ಮರತ್ರೇನು? ಒಂದು ಮಾತು ಕೇಳಿಸಿಕೊಳ್ಳಾಕ ಮನಸಿತ್ತು ಆಕೀಗೆ. ಯಾರೂ ಹೋಗಿ ಕೇಳಲಿಲ್ಲ.”

ನಾನು ಕನ್ನಡಕ ಒರೆಸಿದೆ. ತೌಡು ಬಿದ್ದಿತ್ತು ಎಂದೆ. ಮಠದಲ್ಲಿ ತೌಡು ಎಲ್ಲಿಂದ ಬರಬೇಕು?

ಅವತ್ತಿಗೆ ಇನ್ನು ಇಪ್ಪತ್ತೆರಡು ಪುಟ ಉಳಿದಿದ್ದವು. ಇವತ್ತಿಗೂ ಉಳಿದಿವೆ.

ಮಾನಪತ್ರದಲ್ಲಿ ‘ಸಂಪೂರ್ಣವಾಗಿ ಓದಿ ಹೇಳಿದ’ ಎಂದಿದೆಯಲ್ಲ, ಅದು ತಪ್ಪು. ಆರು ತಿಂಗಳಿಂದ ನಾನು ಒಂದಲ್ಲ ಒಂದು ನೆವ ಹೇಳುತ್ತಿದ್ದೇನೆ. ಗಂಟಲು ಸರಿ ಇಲ್ಲ ಎಂದೆ. ಕಣ್ಣಿನ ಆಪರೇಷನ್ ಎಂದೆ. ಹಿಂದಿನ ಭಾಗ ಎಲ್ಲರಿಗೂ ಮರೆತಿದೆ, ಯುದ್ಧ ಇನ್ನೊಮ್ಮೆ ಓದೋಣ ಎಂದೆ. ಯುದ್ಧವನ್ನು ಎರಡು ಸಲ ಓದಿದೆ, ಪಾಪ, ಆ ಸೈನಿಕರೆಲ್ಲ ಎರಡೆರಡು ಸಲ ಸತ್ತರು. ಯಾಕೆ ಗೊತ್ತೇ? ಇಪ್ಪತ್ತೆರಡು ಪುಟ ಓದಿದರೆ ಮಂಗಲ. ಮಂಗಲವಾದರೆ ಎಲ್ಲರೂ ಪ್ರಸಾದ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಆಮೇಲೆ ಸೋಮವಾರ ಬರುತ್ತದೆ, ಗುರುವಾರ ಬರುತ್ತದೆ, ಕಂಬದ ಹಿಂದೆ ಯಾರೂ ಬರುವುದಿಲ್ಲ.

ಆದ್ದರಿಂದ ನಾಗಭೂಷಣ ಅವರೇ, ಈ ಮಾನಪತ್ರ ನಿಮ್ಮ ಹತ್ತಿರವೇ ಇರಲಿ. ಪುಸ್ತಕ ಮುಗಿದ ಮೇಲೆ ಕೊಡಿ. ‘ಮೃದು ಸ್ವಭಾವ’ ತೆಗೆದು ಕೊಡಿ.

ಬೆಳಿಗ್ಗೆ ನಾವು ಬಂದಾಗ ಹೊರಗೆ ನಿಂತ ಗೂಡ್ಸ್ ಆಟೋ ನೋಡಿ ಸಂಘಟಕರು, “ಅಮ್ಮಾ, ಪ್ರದರ್ಶನಕ್ಕೆ ಏನಾದರೂ ತಂದಿದ್ದೀರಾ?” ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ. ಆ ಗಾಡಿಯಲ್ಲಿ ಜಮಖಾನೆ ಸುತ್ತಿದ ತೊಟ್ಟಿಲು ಇದೆ. ನಾಲ್ಕು ಗಿಳಿಗಳೂ ಇವೆ, ಒಂದರ ಕೊಕ್ಕು ಸ್ವಲ್ಪ ಸವೆದಿದೆ. ಅದು ಐಶ್ವರ್ಯ ಹಲ್ಲು ಬರುವಾಗ ಕಚ್ಚಿದ್ದು. ಹಿತ್ತಾಳೆಯ ಸರಪಳಿಗೆ ಹುಣಸೆಹಣ್ಣು ಹಚ್ಚಿ ನಿನ್ನೆ ನಾನೇ ತಿಕ್ಕಿದ್ದೇನೆ. ಎಲ್ಲಿಯೂ ಮುರಿದಿಲ್ಲ. ಯಾವತ್ತೂ ಮುರಿದಿರಲಿಲ್ಲ. ಇದನ್ನು ಮಠದಲ್ಲಿ ಹೇಳಬಹುದಾಗಿತ್ತು, ಮನೆಗೆ ಹೋಗಿ ಹೇಳಬಹುದಾಗಿತ್ತು. ಸುಳ್ಳನ್ನು ನಾನು ಊರಿನ ಮುಂದೆ ಹೇಳಿದ್ದೆ. ಮೈಕಿನ ಮುಂದೆ ಹೇಳಿದರೆ ಮಾತ್ರ ಸರಿಹೋಗುತ್ತದೆ ಎಂದು ಇಲ್ಲಿಯವರೆಗೆ ತಡೆದುಕೊಂಡೆ.

ಐಶ್ವರ್ಯಳಿಗೆ ಈಗ ಎಂಟನೇ ತಿಂಗಳು. ಎರಡನೆಯದು. ಇದನ್ನೂ ನನಗೆ ತಿಪ್ಪೇಶನೇ ಹೇಳಿದ. ಈ ಸಲ ನಾನೇ ಕೇಳಿದೆ, ಅವನು ಹೇಳಿದ.

ಕೊಟ್ರವ್ವಾ, ಇಲ್ಲಿ ಬಂದೂ ಕಂಬದ ಹಿಂದ ಕುಂತೀಯಲ್ಲ, ಇನ್ನ ಎಷ್ಟು ವರ್ಷ ಕುಂದರ್ತೀಯ? ಮುಂದ ಬಾ. ಮುಂದಿನ ಸಾಲು ಖಾಲಿ ಐತಿ. ಹೊಟ್ಯಾಗಿನ ಕೂಸಿಗೆ ಸೆಕಿ ಆಕ್ಕೈತಿ, ಬಾಜು ಕುಂತ ಮಗಳನ್ನ ಫ್ಯಾನ್ ಕೆಳಗ ಕುಂದರ್ಸು. ತೊಟ್ಟಲಾ ನಿಮ್ಮ ಮನೀಗೆ ಹೊಂಟೈತಿ. ಆಟೋ ಹೊಡಿಯೋ ಹಾಲೇಶಗ ಆಗಲೇ ಹೇಳೀನಿ. ಬ್ಯಾಡ ಅಂದ್ರ ನೀನ ಬಂದು ನನ್ನ ಮುಂದ ಬ್ಯಾಡ ಅನ್ನು. ಆಳಿನ ಕೈಯಾಗ ಹೇಳಿ ಕಳಸಬ್ಯಾಡ.

ಮತ್ತ ಸೋಮವಾರ ಮಂಗಲ. ಉಳದ ಇಪ್ಪತ್ತೆರಡು ಪುಟಾನ ನೀನು ಓದು. ಸಾಲ್ಯಾಗ ಏಳನೇತ್ತ ಓದೀಯ, ಅಕ್ಷರ ಕೂಡಿಸಿ ಕೂಡಿಸಿ ಓದಿದ್ರೂ ನಡೀತೈತಿ. ಜಲ್ದಿ ಏನಿಲ್ಲ. ನಾನು ಕಂಬದ ಹಿಂದ ಬತ್ತಿ ಹೊಸಕೋತ ಕುಂದರ್ತೀನಿ. ತಪ್ಪು ಓದಿದ್ರ ಮಾತ್ರ ಸುಮ್ಮನಿರಂಗಿಲ್ಲ. ಅದನ್ನೂ ಶಾಂತಕ್ಕಗ ಹೇಳಂಗಿಲ್ಲ, ನಿನಗ ಹೇಳ್ತೀನಿ.

ಸಭಿಕರೇ, ಮನೆಯ ಮಾತನ್ನು ನಿಮ್ಮ ಸಭೆಯಲ್ಲಿ ಆಡಿದೆ. ತಾಳ್ಮೆಯಿಂದ ಕೇಳಿದಿರಿ. ಹತ್ತು ನಿಮಿಷ ಕೊಟ್ಟು ಇಷ್ಟು ಹೊತ್ತು ಸಹಿಸಿದ ಅಧ್ಯಕ್ಷರಿಗೆ, ನಮ್ಮನ್ನು ಓದುಗರು ಎಂದು ಕರೆದ ಬಳಗಕ್ಕೆ, ಆ ಪುಸ್ತಕ ಬರೆದ ಪುಣ್ಯಾತ್ಮನಿಗೆ, ಅದನ್ನು ದಿಂಬು ಮಾಡಿಕೊಂಡು ಈಗ ಮೇಲಿನಿಂದ ನಗುತ್ತಿರುವ ನಮ್ಮ ಯಜಮಾನರಿಗೆ, ಎಲ್ಲರಿಗೂ ನಾನು ಋಣಿ. ತೊಟ್ಟಿಲು ಭಾರ ಇದೆ, ಕಂಪ್ಲಿಯಲ್ಲಿ ಇಳಿಸುವಾಗ ನಮ್ಮ ಸಾಲಿನವರು ಯಾರೂ ನೆವ ಹೇಳಬಾರದು.

ಎಲ್ಲರಿಗೂ ನಮಸ್ಕಾರ. ಹಿರಿಯಳು ಕಿರಿಯಳಿಗೆ ಮಾಡುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ. ಇವತ್ತು ಒಂದು ದಿನ ಇರಲಿ.

ಕೊಟ್ರವ್ವಾ, ನಿನಗೂ ನಮಸ್ಕಾರ.